ಲೇಡೀಸ್ ಡಬ್ಬದ ಪಾಯಿಂಟರ್ ಪಾಠ

ವಾಶಿ ಸ್ಟೇಷನ್ನಿನ ಹೊರಗೆ ನಿಂತು ರಿಕ್ಷಾದವನಿಗೆ ‘ಯುನಿವರ್ಸಿಟಿ’ ಎಂದರೆ ಅವನು ಸ್ಟೇಷನ್ನಿನ ಒಳಗೇ ಕೈ ತೋರಿಸಿ, ಮುಂಬಯಿ ಗಾಡಿ ಹಿಡಿಯಿರಿ ಎನ್ನುತ್ತಿದ್ದ. ನಮ್ಮ ವಿಶ್ವವಿದ್ಯಾಲಯ ಅಷ್ಟು ಸಣ್ಣದು. ‘ಕಾಂದಾ-ಬಟಾಟಾ ಮಾರ್ಕೆಟ್ಟಿನ ಹಿಂದೆ’, ಅಂದರೆ ಈರುಳ್ಳಿ-ಆಲೂಗಡ್ಡೆ ಮಂಡಿಯ ಹಿಂದೆ, ಎಂದರೆ ಮಾತ್ರ ಅವನ ಮೀಟರು ಬೀಳುತ್ತಿತ್ತು. ಮೂರು ಮಹಡಿಯ ಕಟ್ಟಡ. ಮಳೆಗಾಲದಲ್ಲಿ ಕಿಟಕಿ ತೆಗೆದರೆ ಕೊಳೆತ ಈರುಳ್ಳಿಯ ವಾಸನೆ ನೇರ ಹಲಗೆಯವರೆಗೆ ಬರುತ್ತಿತ್ತು. ಪಾಠ ಕೇಳಿ ಮಕ್ಕಳ ಕಣ್ಣಲ್ಲಿ ನೀರು ಬರುವುದಕ್ಕೆ ನಾನೊಬ್ಬನೇ ಕಾರಣನಲ್ಲ ಎಂದು ಸಮಾಧಾನ ಹೇಳಿಕೊಳ್ಳಲು ಅದೊಂದು ದಾರಿ.

ಅಲ್ಲಿ ನಾನು ಕಂಪ್ಯೂಟರ್ ಸೈನ್ಸಿನ ಪ್ರೊಫೆಸರ್ ಎಂಬುದು ನಮ್ಮವ್ವ ಮರಗಮ್ಮ ಶಹಾಡಿನ ಚಾಳಿನಲ್ಲಿ ಹಬ್ಬಿಸಿದ್ದ ಸುದ್ದಿ. ನಾನು ತಾಸಿನ ಲೆಕ್ಕದ ಮೇಷ್ಟ್ರು. ಪಾಠ ಮಾಡಿದರೆ ಸಂಬಳ, ರಜೆ ಬಂದರೆ ಇಲ್ಲ. ಊರಿಗೆಲ್ಲ ಗಣಪತಿ ಬಂದರೆ ನನ್ನೊಬ್ಬನ ಮುಖ ಸಣ್ಣಗಾಗುತ್ತಿತ್ತು. ವಿದ್ಯೆಯ ಮಾತು ಕೇಳಿದರೆ, ಕೆಟ್ಟು ನಿಂತ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚುವುದು ನನಗೆ ಚೆನ್ನಾಗಿ ಬರುತ್ತಿತ್ತು. ಬಹಳ ಸಲ ಅಷ್ಟಕ್ಕೇ ಅದು ಸರಿಹೋಗುತ್ತಿತ್ತು. ಹಾಗಾಗಿ ನನಗೆ ಜ್ಞಾನಿಯೆಂಬ ಹೆಸರು ಬಂದಿತ್ತು. ಲ್ಯಾಬಿನ ಯಂತ್ರಗಳಿಗೆ ಧೂಳು ಆಗುವುದಿಲ್ಲವೆಂದು ಎಲ್ಲರೂ ಚಪ್ಪಲಿ, ಬೂಟು ಹೊರಗೆ ಬಿಟ್ಟು ದೇವಸ್ಥಾನಕ್ಕೆ ಹೋದಂತೆ ಒಳಗೆ ಹೋಗಬೇಕಿತ್ತು. ನನ್ನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿದ್ದ ಕಾರಣ ನಾನು ಎಡಗಾಲಿನ ಮೇಲೆ ಬಲಗಾಲು ಇಟ್ಟು, ಕೊಕ್ಕರೆಯಂತೆ ನಿಂತು ಪಾಠ ಮಾಡುತ್ತಿದ್ದೆ.

ನನ್ನ ಕಥೆ ಇಷ್ಟು ಸಾಕು. ಹೇಳಬೇಕಾದದ್ದು ಸತ್ಯಭಾಮಾ ಮೇಡಂ ಅವರದು.

ಅವರು ಕುಂದಾಪುರ ಕಡೆಯವರು. ಮದುವೆಯಾಗಿ ಡೊಂಬಿವಲಿಗೆ ಬಂದವರು. ಯಜಮಾನರು ರಮಾಕಾಂತ ರಾಯರು ಅಲ್ಲಿಯ ಒಂದು ಹೋಟೆಲಿನ ಗಲ್ಲೆಯ ಮೇಲೆ ಕೂರುತ್ತಿದ್ದರು. ಮೇಡಂ ಬಹಳ ಕಾಲ ಗಣಿತ ಕಲಿಸಿದವರು. ತೊಂಬತ್ತರ ದಶಕ ನಡುವಿಗೆ ಬರುವಷ್ಟರಲ್ಲಿ ಗಣಿತಕ್ಕೆ ಮಕ್ಕಳು ಬರುವುದು ನಿಂತಿತು, ಕಂಪ್ಯೂಟರಿಗೆ ಸಾಲು ಹತ್ತಿತು. ವಿಶ್ವವಿದ್ಯಾಲಯದವರು ಗಣಿತ ವಿಭಾಗದ ಬೋರ್ಡು ಇಳಿಸಿ, ಅದರ ಹಿಂಬದಿಗೇ ಬಣ್ಣ ಹೊಡೆಸಿ ‘ಕಂಪ್ಯೂಟರ್ ಸೈನ್ಸ್’ ಎಂದು ಬರೆಸಿ ಮತ್ತೆ ಅಲ್ಲೇ ತೂಗುಹಾಕಿದರು. ಮೇಡಂ ಕೂಡ ಬೋರ್ಡಿನ ಜತೆಗೇ ತಿರುಗಿದರು. ವಯಸ್ಸು ಐವತ್ತರ ಹತ್ತಿರ. ಸಂಜೆ ಕ್ಲಾಸಿಗೆ ಸೇರಿ, ಮಗನ ವಯಸ್ಸಿನವರ ಪಕ್ಕ ಕೂತು ಡಿಪ್ಲೊಮಾ ಮುಗಿಸಿದರು. ಮೊದಮೊದಲು ಕೀಬೋರ್ಡನ್ನು ಕಾದ ಕಾವಲಿ ಮುಟ್ಟಿದ ಹಾಗೆ ಮುಟ್ಟುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ಅವರ ಬೆರಳು ನನ್ನ ಬೆರಳಿಗಿಂತ ಜೋರಾಗಿ ಓಡುತ್ತಿದ್ದವು.

ಆ ಕಟ್ಟಡದಲ್ಲಿ ಕನ್ನಡದವರು ನಾವಿಬ್ಬರೇ. ಆದರೂ ಮಾತು ಮಾತಿಗೆ ‘ಏನಂದ್ರಿ?’, ‘ಎಂತ ಹೇಳಿದ್ದು?’ ಎಂದು ಕೇಳಿಕೊಳ್ಳಬೇಕಾಗುತ್ತಿತ್ತು. ನಮ್ಮದು ಮೂಲದಲ್ಲಿ ಕಲಬುರ್ಗಿ ಕಡೆ. ನಾನು ಅವರನ್ನು ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವ ಹಾಗೆ ‘ಅಕ್ಕೋರ’ ಎನ್ನುತ್ತಿದ್ದೆ. ಅವರು ನನ್ನನ್ನು ‘ಗುರುನಾಥ ಮಾರಾಯ’ ಎನ್ನುತ್ತಿದ್ದರು.

‘ಸಿ’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪಾಯಿಂಟರ್ ಎಂಬ ಒಂದು ಪಾಠವಿದೆ. ಅಲ್ಲಿಯವರೆಗೆ ನೆಟ್ಟಗೆ ನಡೆದು ಬಂದ ಹುಡುಗರು ಅಲ್ಲಿ ದೊಪ್ಪನೆ ಬೀಳುತ್ತಾರೆ. ನಾನೂ ಬಿದ್ದಿದ್ದೆ, ಎದ್ದದ್ದು ಇನ್ನೂ ನೆನಪಿಲ್ಲ. ನಾನು ಅದನ್ನು ಕಲಿಸಿದರೆ ಮಕ್ಕಳು ಪುಸ್ತಕದಲ್ಲಿದ್ದದ್ದನ್ನು ಬರೆದುಕೊಳ್ಳುತ್ತಿದ್ದರು, ನಾನು ಪುಸ್ತಕದಲ್ಲಿದ್ದದ್ದನ್ನು ಓದುತ್ತಿದ್ದೆ, ಯಾರಿಗೂ ಯಾರ ಮೇಲೂ ಸಿಟ್ಟಿರುತ್ತಿರಲಿಲ್ಲ.

ಒಂದು ದಿನ ಮೇಡಂ ಕ್ಲಾಸಿನಿಂದ ಗಲಾಟೆ ಕೇಳಿ ಬಾಗಿಲಲ್ಲಿ ಇಣುಕಿದೆ. ಬೆಂಚುಗಳನ್ನು ಎದುರುಬದುರಾಗಿ ಎಳೆದು ಹಾಕಿದ್ದರು. ಅರ್ಧ ಮಕ್ಕಳು ಕೂತಿದ್ದರು, ಅರ್ಧ ಮಕ್ಕಳು ಮೇಲೆ ಇಲ್ಲದ ಹಿಡಿಕೆಗೆ ಜೋತುಬಿದ್ದು ನಿಂತಿದ್ದರು. ಮೇಡಂ ಅವರಿಗೆ ಕಲಿಸುತ್ತಿದ್ದುದು ಇಂಗ್ಲಿಷು, ಹಿಂದಿ, ಮರಾಠಿ ಕಲಸಿದ ಮಿಸಳ್ ಭಾಷೆಯಲ್ಲಿ. ಅದನ್ನು ಕನ್ನಡಕ್ಕೆ ತಂದರೆ ಹೀಗೆ:

“ಇದು ಸಂಜೆಯ ಕಲ್ಯಾಣ್ ಲೋಕಲ್. ಲೇಡೀಸ್ ಡಬ್ಬ. ಏ ಮಲ್ಲಿಕಾ, ನೀನು ಎಲ್ಲಿ ಇಳಿಯುವುದು?”

“ಠಾಣಾ, ಮೇಡಂ.”

“ಆಯ್ತು. ನೀನು ಇಳಿದ ಮೇಲೆ ಆ ಸೀಟು ನನಗೆ. ಈಗ ಹೇಳಿ, ನನ್ನ ಹತ್ತಿರ ಸೀಟು ಉಂಟಾ?”

“ಇಲ್ಲ ಮೇಡಂ!”

“ಮತ್ತೆ ಎಂತ ಉಂಟು?”

“ಯಾವ ಸೀಟು ಅಂತ ಗೊತ್ತುಂಟು ಮೇಡಂ!”

“ಅದೇ ಪಾಯಿಂಟರ್. ಕೂತವಳು ಬೇರೆ, ಅವಳ ಸೀಟು ಯಾವುದು ಅಂತ ನೆನಪಿಟ್ಟುಕೊಂಡು ನಿಂತವಳು ಬೇರೆ. ಈಗ ನನ್ನ ಹಿಂದೆ ಒಬ್ಬಳು ನಿಂತಿದ್ದಾಳೆ. ನಾನು ಡೊಂಬಿವಲಿಯಲ್ಲಿ ಇಳಿದ ಮೇಲೆ ಆ ಸೀಟು ತನಗೆ ಅಂತ ನನ್ನ ಹತ್ತಿರ ಹೇಳಿಟ್ಟಿದ್ದಾಳೆ. ಅವಳ ಹಿಂದೆ ಇನ್ನೊಬ್ಬಳು. ಇದಕ್ಕೆ ಎಂತ ಹೇಳುತ್ತಾರೆ?”

ಇಡೀ ಕ್ಲಾಸು ಲಿಂಕ್ಡ್ ಲಿಸ್ಟ್ ಎಂದು ಕೂಗಿತು; ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸಾಲು. ನಾನು ಬಾಗಿಲಲ್ಲೇ, ನನ್ನಷ್ಟಕ್ಕೇ ನಾನು, “ಓ, ಹಂಗೇನು!” ಅಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲವೆಂದು ಆಚೆ ಈಚೆ ನೋಡಿ ಖಾತ್ರಿ ಮಾಡಿಕೊಂಡೆ.

ಹೀಗಿರುವಾಗ ಹೊಸ ನಿಯಮ ಬಂತು. ಬೇರೆ ವಿಷಯದಿಂದ ಬಂದು ಕಂಪ್ಯೂಟರ್ ಕಲಿಸುವವರು ಹೊರಗಿನ ತಜ್ಞರ ಎದುರಿಗೆ ಒಂದು ಪಾಠ ಮಾಡಿ ತೋರಿಸಬೇಕು. ತಜ್ಞರು ಒಪ್ಪದಿದ್ದರೆ ಮೂಲ ವಿಭಾಗಕ್ಕೆ ವಾಪಸು. ಮೇಡಂ ಅವರ ಮೂಲ ವಿಭಾಗ ಬೋರ್ಡಿನ ಹಿಂಬದಿಗೆ ಹೋಗಿಯಾಗಿತ್ತಲ್ಲ. ಹಾಗಾಗಿ ಅವರನ್ನು ಪರೀಕ್ಷಾ ವಿಭಾಗಕ್ಕೆ ಹಾಕುತ್ತಾರೆ ಎಂದು ನಮ್ಮ ಮುಖ್ಯಸ್ಥರಾದ ಯಜ್ಞೇಶ್ವರ ಸರ್ ಸಂಕೋಚದಿಂದ ಹೇಳಿದರು. ಅಲ್ಲಿ ಕೆಲಸವೆಂದರೆ ಉತ್ತರಪತ್ರಿಕೆಯ ಗಂಟುಗಳಿಗೆ ಅರಗಿನ ಮೊಹರು ಒತ್ತುವುದು. ಕ್ಲಾಸು ಎಂಬುದು ಇಲ್ಲವೇ ಇಲ್ಲ.

“ಸಂಬಳ ಅಷ್ಟೇ ಸಿಗ್ತದಂತೆ ಮಾರಾಯ,” ಎಂದರು ಮೇಡಂ. “ಮನೆಯಲ್ಲಿ ಇವರು, ‘ಒಳ್ಳೆದಾಯ್ತು, ಗಂಟಲಿಗೆ ರೆಸ್ಟು’ ಅಂದ್ರು. ನಂಗೆ ನಿನ್ನೆ ಊಟ ಸೇರ್ಲಿಲ್ಲ. ಮಕ್ಕಳ ಮುಖ ಕಾಣದೆ ನಾನು ದಿನವಿಡೀ ಎಂತ ಮಾಡುದು?”

ನಾನು ದೊಡ್ಡ ತಜ್ಞನ ಹಾಗೆ ಸಲಹೆ ಕೊಟ್ಟೆ. “ಅಕ್ಕೋರ, ಆ ದಿವಸ ಒಂದಿನ ರೈಲು ಬ್ಯಾಡ್ರಿ. ಪುಸ್ತಕದಾಗ ಇದ್ದಂಗ ಹೇಳಿಬಿಡ್ರಿ. ದೊಡ್ಡ ಮಂದಿ ಬರ್ತಾರ.”

“ಪುಸ್ತಕದಲ್ಲಿ ಇದ್ದದ್ದು ಅವರಿಗೆ ಗೊತ್ತುಂಟಲ್ಲ. ಮತ್ತೆ ನಾನ್ಯಾಕೆ ಹೇಳುದು?”

ನಾನು “ಹಂಗಲ್ರೀ...” ಎಂದು ಶುರುಮಾಡಿ, ಮುಂದೇನೂ ಹೊಳೆಯದೆ ಚಹಾ ತರಲು ಹೋದೆ.

ತಜ್ಞರು ಮೂವರು ಬಂದರು. ಅಧ್ಯಕ್ಷರು ದೆಹಲಿಯವರು. ಇನ್ನೊಬ್ಬರು ಎಲ್ಲಿಯವರೆಂದು ತಿಳಿಯುವ ಮೊದಲೇ ನಿದ್ದೆಹೋದರು. ಮೂರನೆಯವರು ಪುಣೆಯ ದ್ರೌಪದಿ ಮೇಡಂ. ಗಿಡ್ಡ ಕೂದಲು, ಇಸ್ತ್ರಿ ಮಾಡಿದ ಹತ್ತಿಯ ಸೀರೆ, ಮುಖದಲ್ಲಿ ನಗೆಯ ಸುಳಿವಿಲ್ಲ. ಮೂವರಲ್ಲಿ ಒಬ್ಬರೂ ನಮ್ಮ ಲೋಕಲಿನಲ್ಲಿ ಕಾಲಿಟ್ಟವರಲ್ಲ. ಬೆಂಚು ಎಳೆದು ಹಾಕಿದ್ದನ್ನು ನೋಡಿಯೇ ಅಧ್ಯಕ್ಷರ ಹುಬ್ಬು ಮೇಲೆ ಹೋಯಿತು.

ಮೇಡಂ ಶುರುಮಾಡಿದರು. ಮಕ್ಕಳು ಚೆನ್ನಾಗಿಯೇ ಕೂಗಿದರು. ಆದರೆ ನಡುವೆ ಅಧ್ಯಕ್ಷರು ಕೈಯೆತ್ತಿದರು.

“ಒಂದು ನಿಮಿಷ. ಆಕೆ ಎದ್ದಳು, ಸೀಟು ಖಾಲಿ. ಹತ್ತಿರ ಇದ್ದವರು ಕೂರುತ್ತಾರೆ. ಕೇಳಿಟ್ಟವರೇ ಯಾಕೆ ಕೂರಬೇಕು?”

“ಕೇಳಿಟ್ಟಿದ್ದಾರಲ್ಲ ಸರ್.”

“ಬರೀ ಕೇಳಿದ್ದಕ್ಕೆ?”

“ಹೌದು ಸರ್.”

“ನಾನಾದರೆ ಕೂತುಬಿಡುತ್ತೇನೆ.”

“ನಿಮ್ಮನ್ನು ಎಬ್ಬಿಸುತ್ತಾರೆ ಸರ್,” ಎಂದು ಹಿಂದಿನ ಬೆಂಚಿನಿಂದ ಮಲ್ಲಿಕಾ ಬಹಳ ವಿನಯದಿಂದ ಹೇಳಿದಳು. ಮಕ್ಕಳು ನಕ್ಕರು. ಅಧ್ಯಕ್ಷರು ನಗಲಿಲ್ಲ.

ಆಗ ದ್ರೌಪದಿ ಮೇಡಂ ಮೊದಲ ಸಲ ಬಾಯಿ ತೆರೆದರು. “ಕೂತ ಹೆಂಗಸು ಒಂದೇ ಸೀಟನ್ನು ಇಬ್ಬರಿಗೆ ಕೊಡುತ್ತೇನೆ ಎಂದು ಹೇಳಿದ್ದರೆ?”

ಸತ್ಯಭಾಮಾ ಮೇಡಂ ತಡಮಾಡದೆ ಹೇಳಿದರು: “ಹಾಗೆ ಯಾರೂ ಮಾಡುವುದಿಲ್ಲ, ಮೇಡಂ.”

“ಯಾರೂ?”

“ಇಲ್ಲ. ಇಷ್ಟು ವರ್ಷದಲ್ಲಿ ನಾನಂತೂ ನೋಡಿಲ್ಲ. ಲೇಡೀಸ್ ಡಬ್ಬದಲ್ಲಿ ಮಾತು ಅಂದರೆ ಮಾತು.”

ನಾನು ಒರಗಿದ್ದ ಗೋಡೆ ಬಿಟ್ಟು ನೆಟ್ಟಗೆ ನಿಂತೆ. ನನ್ನಂಥವನಿಗೂ ಅಷ್ಟು ಗೊತ್ತಿತ್ತು: ಕಂಪ್ಯೂಟರ್ ಕಲಿಸುವವರು ‘ಹಾಗೆ ಆಗುವುದಿಲ್ಲ’ ಎನ್ನಬಾರದು. ಆಗುವುದಿಲ್ಲ ಎಂದುಕೊಂಡದ್ದು ಆದಾಗಲೇ ಪ್ರೋಗ್ರಾಮು ಕೆಟ್ಟು ಕೂರುವುದು. ಕ್ಲಾಸು ಒಮ್ಮೆಲೇ ತೆಪ್ಪಗಾಯಿತು. ದ್ರೌಪದಿ ಮೇಡಂ ‘ಥ್ಯಾಂಕ್ ಯೂ’ ಎಂದರು. ನಿದ್ದೆಯಲ್ಲಿದ್ದವರು ಎದ್ದು ತಾವೂ ‘ಥ್ಯಾಂಕ್ ಯೂ’ ಎಂದರು.

ಊಟವಾದ ಮೇಲೆ ಇಬ್ಬರು ಗಂಡಸರನ್ನು ಕಾರು ವಿಮಾನ ನಿಲ್ದಾಣಕ್ಕೆ ಒಯ್ದಿತು. ದ್ರೌಪದಿ ಮೇಡಂ ಕಲ್ಯಾಣಿಗೆ ಹೋಗಿ ಪುಣೆಯ ಗಾಡಿ ಹಿಡಿಯಬೇಕಿತ್ತು. ಯಜ್ಞೇಶ್ವರ ಸರ್ ಯೋಚಿಸಿ ಯೋಚಿಸಿ, “ಸತ್ಯಭಾಮಾ, ನೀವು ಆ ಕಡೆಯವರೇ ಅಲ್ವಾ, ಜತೆಗೆ ಕರಕೊಂಡು ಹೋಗಿ,” ಎಂದರು. ತೂಗುಗತ್ತಿಯ ಕೆಳಗಿದ್ದವರ ಕೈಗೇ ಕತ್ತಿಯನ್ನು ಹೊತ್ತು ನಡೆಯಲು ಕೊಟ್ಟ ಹಾಗಾಯಿತು. ಬ್ಯಾಗು ಹೊರಲು ನಾನು ಹೊರಟೆ.

ವಾಶಿಯಿಂದ ಕುರ್ಲಾದವರೆಗೆ ಮೂವರೂ ಒಂದೇ ಡಬ್ಬದಲ್ಲಿ ಬಂದೆವು. ಹವೆ ಬಹಳ ಬಿಸಿ ಎಂದು ನಾನು ಎರಡು ಸಲ ಹೇಳಿದೆ. ಎರಡು ಸಲವೂ ಅವರಿಬ್ಬರು ಹೌದೆಂದರು. ಕುರ್ಲಾದಲ್ಲಿ ಗಾಡಿ ಬದಲಿಸಿ ಕಲ್ಯಾಣ್ ಸ್ಲೋ ಹಿಡಿದೆವು. ಅದು ಮೇಡಂ ಅವರ ದಿನದ ಗಾಡಿಯಲ್ಲ. ಅವರಿಬ್ಬರು ಲೇಡೀಸ್ ಡಬ್ಬ ಹತ್ತಿದರು. ನಾನು ಬ್ಯಾಗನ್ನು ಎದೆಗವಚಿಕೊಂಡು ಪಕ್ಕದ ಡಬ್ಬಕ್ಕೆ ನುಗ್ಗಿದೆ. ನುಗ್ಗಿದೆ ಎನ್ನುವುದಕ್ಕಿಂತ ನೂಕಲ್ಪಟ್ಟೆ. ಕೊನೆಗೆ ಎರಡು ಡಬ್ಬಗಳ ನಡುವಿನ ಕಬ್ಬಿಣದ ಜಾಲರಿಗೆ ನನ್ನ ಕೆನ್ನೆ ಒತ್ತಿತು. ಅಲ್ಲಿಂದ ಆಚೆಯದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

ಸತ್ಯಭಾಮಾ ಮೇಡಂ ಅತಿಥಿಯನ್ನು ನಿಲ್ಲಿಸಿಕೊಂಡು ಹೋಗುವವರಲ್ಲ. ಹಸಿರು ಸೀರೆಯುಟ್ಟು ಕಣ್ಣು ಮುಚ್ಚಿ ಕೂತ ಒಬ್ಬಾಕೆಯ ಹೆಗಲು ಮುಟ್ಟಿ, “ತಾಈ, ಕುಠೇ? ಠಾಣಾ?” ಎಂದು ಇಳಿಯುವ ಸ್ಟೇಷನ್ನು ಕೇಳಿದರು. ಆಕೆ ಕಣ್ಣು ತೆರೆಯದೆ ತಲೆಯಾಡಿಸಿದಳು.

“ನೋಡಿ ಮೇಡಂ,” ಎಂದು ಅವರು ದ್ರೌಪದಿ ಮೇಡಂ ಕಡೆ ತಿರುಗಿದರು. ದನಿಯಲ್ಲಿ ಬೆಳಗಿನಿಂದ ಇಲ್ಲದ ಚುರುಕು ಬಂದಿತ್ತು. “ಇನ್ನು ಆ ಸೀಟು ನಿಮ್ಮದು. ಠಾಣೆಯಿಂದ ಆರಾಮ ಕೂತ್ಕೊಳ್ಳಿ.”

ಠಾಣೆಯ ಹಿಂದಿನ ಸ್ಟೇಷನ್ ಮುಲುಂಡ್ ದಾಟಿತು. ಹಸಿರು ಸೀರೆಯಾಕೆ ಎಚ್ಚರಗೊಂಡು ಎದ್ದು ಬಾಗಿಲ ಕಡೆ ಸರಿದಳು. ದ್ರೌಪದಿ ಮೇಡಂ ಸೆರಗು ಸರಿಮಾಡಿಕೊಂಡು ಕೂರಲು ಬಗ್ಗಿದರು. ಅಷ್ಟರಲ್ಲಿ ಕಿಟಕಿಯ ಕಡೆಯಿಂದ ಟಿಫಿನ್ ಚೀಲ ಹಿಡಿದ ತೆಳ್ಳನೆಯ ಹುಡುಗಿಯೊಬ್ಬಳು ತೂರಿ ಬಂದಳು.

“ಓ ಮ್ಯಾಡಮ್! ಮೇರೀ ಸೀಟ್ ಹೈ! ಘಾಟ್ಕೋಪರ್‌ನಲ್ಲೇ ಕೇಳಿಟ್ಟಿದ್ದೇನೆ!”

“ನಾವು ಅದಕ್ಕೂ ಮೊದಲೇ, ಕುರ್ಲಾದಲ್ಲಿ ಕೇಳಿಟ್ಟದ್ದು!” ಎಂದರು ಸತ್ಯಭಾಮಾ ಮೇಡಂ.

“ಆಂಟಿಯನ್ನೇ ಕೇಳಿ!”

ಬಾಗಿಲ ಬಳಿಯಿದ್ದ ಹಸಿರು ಸೀರೆಯಾಕೆಯನ್ನು ಎಲ್ಲರೂ ಕೇಳಿದರು. ಅವಳು ಹಣೆ ಚಚ್ಚಿಕೊಂಡಳು. “ನನಗೇನು ಗೊತ್ತು? ನಿದ್ದೆ ಬಂದಿತ್ತು. ಯಾರೋ ‘ಠಾಣಾ?’ ಅಂದ್ರು, ಹೂಂ ಅಂದೆ. ಮತ್ಯಾರೋ ‘ಠಾಣಾ?’ ಅಂದ್ರು, ಮತ್ತೆ ಹೂಂ ಅಂದೆ. ಠಾಣೆಯಲ್ಲಿ ಇಳಿಯುವುದು ನಿಜ ತಾನೇ?”

ಡಬ್ಬದಲ್ಲಿ ನ್ಯಾಯಪಂಚಾಯಿತಿ ಶುರುವಾಯಿತು. ಜಾಲರಿಗೆ ಒತ್ತಿಕೊಂಡಿದ್ದ ನಾನು ಕಣ್ಣು ಮುಚ್ಚಿದೆ. ಮುಗಿಯಿತು, ಅರಗು, ಮೊಹರು, ಪರೀಕ್ಷಾ ವಿಭಾಗ ಎಂದುಕೊಂಡೆ. ಕಣ್ಣು ತೆರೆದರೆ ಸತ್ಯಭಾಮಾ ಮೇಡಂ ಜಗಳ ಬಿಟ್ಟು ಸುತ್ತಲಿನವರನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತಿದ್ದರು.

“ಅಲ್ಲ, ಹೀಗೆ ಆಗ್ತದಾ? ಒಂದೇ ಸೀಟು ಇಬ್ಬರಿಗೆ?”

“ಅರೇ, ರೋಜ್ ಕಾ ಹೈ! ದಿನಾ ಇದ್ದದ್ದೇ!” ಎಂದಳು ಒಬ್ಬಾಕೆ, ಮೆಂತೆ ಸೊಪ್ಪು ಬಿಡಿಸುತ್ತ. “ನೀವು ಹೊಸಬರಾ?”

“ನಾನಾ? ಮದುವೆಯಾದಾಗಿನಿಂದ ಇದೇ ಲೈನಿನಲ್ಲಿ ತಿರುಗುವುದು!”

“ಹಾಗಾದರೆ ನಿಮ್ಮ ಗ್ರೂಪಿನವರು ಒಳ್ಳೆಯವರು. ಟೀಚರ್ ಇರಬೇಕು ನೀವು? ಹಾಂ, ಟೀಚರಿಗೆ ಯಾರು ಮೋಸ ಮಾಡ್ತಾರೆ!”

ಮೇಡಂ ಬೆಪ್ಪಾಗಿ ನಿಂತರು. ಇಷ್ಟು ವರ್ಷ ಅವರ ಗಾಡಿಯ ಹೆಂಗಸರು ಅವರ ಎದುರಿಗೆ ಮಾತ್ರ ಮಾತು ತಪ್ಪದೆ ನಡೆದುಕೊಂಡಿದ್ದರು. ಇವರು ಅದನ್ನೇ ರೈಲ್ವೆಯ ನಿಯಮವೆಂದು ತಿಳಿದು ಪಾಠ ಮಾಡಿಬಿಟ್ಟಿದ್ದರು. ಮುಖ ಕೆಂಪಾಯಿತು. ಅಳುತ್ತಾರೆ ಎಂದುಕೊಂಡೆ. ಅವರು ಹಿಡಿಕೆಗೆ ಜೋತುಬಿದ್ದು ನಗತೊಡಗಿದರು.

“ಮೇಡಂ,” ಎಂದರು ದ್ರೌಪದಿ ಮೇಡಂಗೆ, ಮರಾಠಿಯಲ್ಲಿ, “ಕ್ಲಾಸಿನಲ್ಲಿ ನಾನು ಹೇಳಿದ್ದು ಪೂರ್ತಿ ತಪ್ಪು. ಆಗ್ತದೆ. ದಿನಾ ಆಗ್ತದಂತೆ! ಒಂದೇ ಜಾಗಕ್ಕೆ ಎರಡು ಪಾಯಿಂಟರ್. ಇವಳು ಬಂದು ಕೂತಳು, ಸೀಟು ನಮಗಾಗಿಯೇ ಉಂಟು ಅಂತ ನಾವು ಹೋಗಿ ಅವಳ ತೊಡೆ ಮೇಲೆ ಕೂತೆವು. ಪ್ರೋಗ್ರಾಮ್ ಕ್ರ್ಯಾಶ್! ಅಲ್ವಾ?”

“ಹೌದು,” ಎಂದರು ದ್ರೌಪದಿ ಮೇಡಂ. “ಯಾರು ನೋಡಿಕೊಳ್ಳಬೇಕಿತ್ತು?”

“ಕೂತವಳಾ? ಅವಳಿಗೆ ನಿದ್ದೆ. ‘ಸಿ’ಯಲ್ಲಿ ಸೀಟಿಗೆ ಏನೂ ಗೊತ್ತಿರುವುದಿಲ್ಲ.” ಅವರು ಗಾಳಿಯಲ್ಲಿ ಬೆರಳಿನಿಂದ ಏನೋ ಬರೆದರು, ಅಳಿಸಿದರು. “ಎಷ್ಟು ಜನರಿಗೆ ಹೂಂ ಅಂದಿದ್ದೇನೆ ಅಂತ ಸೀಟಿನ ಹತ್ತಿರವೇ ಒಂದು ಲೆಕ್ಕ ಇಟ್ಟರೆ? ಒಬ್ಬರು ಕೇಳಿದರೆ ಒಂದು ಹೆಚ್ಚು, ಒಬ್ಬರು ಬಿಟ್ಟರೆ ಒಂದು ಕಡಿಮೆ...”

“ಹಾಗೆ ಮಾಡುವವರಿದ್ದಾರೆ,” ಎಂದು ದ್ರೌಪದಿ ಮೇಡಂ ಒಂದು ಹೆಜ್ಜೆ ಹತ್ತಿರ ಬಂದರು. ಹತ್ತಿರ ಬರಲು ಅಲ್ಲಿ ಜಾಗವಿರಲಿಲ್ಲ; ಆದರೂ ಬಂದರು.

ನನಗೂ ಉತ್ಸಾಹ ತಡೆಯಲಿಲ್ಲ. “ಅಕ್ಕೋರ, ಡ್ಯಾಂಗ್ಲಿಂಗ್ ಪಾಯಿಂಟರ್ ಅಂತನೂ ಒಂದೈತ್ರಿ, ಸೀಟೇ ಇಲ್ದಾಗೂ ಅದರ ಕಡೆ ಬೆರಳು ತೋರ್ಸೂದು!” ಎಂದು ಜಾಲರಿಯಿಂದ ಕೂಗಿದೆ. ಹಿಂದಿನವನೊಬ್ಬ ನನ್ನ ಕಾಲರ್ ಹಿಡಿದು, “ಭಾಯಿಸಾಬ್, ಲೇಡೀಸ್ ಕಡೆ ನೋಡೋದು ಸಾಕು,” ಎಂದ. ನಾನು ಪಾಯಿಂಟರಿನ ವಿಷಯ ಅವನಿಗೆ ತಿಳಿಸಲು ಹೋಗಲಿಲ್ಲ.

ಅಷ್ಟರಲ್ಲಿ ಗೆದ್ದು ಕೂತಿದ್ದ ಟಿಫಿನ್ ಹುಡುಗಿಗೆ ಏನನ್ನಿಸಿತೋ, ಪಕ್ಕದವರಿಗೆ “ಸರಕಾ ನಾ ಥೋಡಾ,” ಎಂದು ಮೊಣಕೈಯಿಂದ ತಿವಿದು, ಮೂವರ ಬೆಂಚಿನಲ್ಲಿ ನಾಲ್ಕನೆಯದಾಗಿ ಅರ್ಧ ಗೇಣು ಜಾಗ ಮಾಡಿಕೊಟ್ಟಳು. ದ್ರೌಪದಿ ಮೇಡಂ ಇಸ್ತ್ರಿ ಸೀರೆಯೊಂದಿಗೆ ಆ ಅರ್ಧ ಗೇಣಿನ ಮೇಲೆ ಕೂತರು. ಡೊಂಬಿವಲಿ ಬಂತು, ಹೋಯಿತು. ಸತ್ಯಭಾಮಾ ಮೇಡಂ ಇಳಿಯಲೇ ಇಲ್ಲ. ಅವರಿಬ್ಬರು ಹೂಂ ಅನ್ನಿಸಿಕೊಂಡವರ ಲೆಕ್ಕ ಯಾವಾಗ ಸೊನ್ನೆಯಾಗುತ್ತದೆ ಎಂಬ ವಾದದಲ್ಲಿದ್ದರು. ಮೆಂತೆ ಸೊಪ್ಪಿನಾಕೆಯೂ ಅದರಲ್ಲಿ ಕೈ ಹಾಕಿದ್ದಳು.

ಕಲ್ಯಾಣಿನ ಪ್ಲಾಟ್‌ಫಾರ್ಮಿನಲ್ಲಿ ನಾನು ಬ್ಯಾಗು ಕೊಟ್ಟೆ. ದ್ರೌಪದಿ ಮೇಡಂ ಅದನ್ನು ತೆಗೆದುಕೊಂಡು, ಸತ್ಯಭಾಮಾ ಮೇಡಂ ಮುಖ ನೋಡಿದರು.

“ಕ್ಲಾಸಿನಿಂದ ಹೊರಗೆ ಬರುವಾಗ ಬೇಡ ಎಂದೇ ತೀರ್ಮಾನಿಸಿದ್ದೆ.”

“ಗೊತ್ತು ಮೇಡಂ.”

“‘ಆಗುವುದಿಲ್ಲ’ ಎನ್ನುವ ಟೀಚರನ್ನು ನನಗೆ ಸಹಿಸಲು ಆಗುವುದಿಲ್ಲ. ನಾಳೆ ಏನು ಪಾಠ?”

“ಇದೇ. ಮೊದಲು ನಾನು ಹೇಳಿದ್ದು ತಪ್ಪು ಅಂತ ಹೇಳಬೇಕು. ಆಮೇಲೆ ಆ ಹಸಿರು ಸೀರೆ.”

ಆಗ ದ್ರೌಪದಿ ಮೇಡಂ ನಕ್ಕರು. ನಗುವುದು ಅವರಿಗೆ ಬರುತ್ತಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ. “ಈ ವರ್ಷ ನೀವೇ ಕಲಿಸಿ. ಅಧ್ಯಕ್ಷರಿಗೆ ನಾನು ಹೇಳುತ್ತೇನೆ, ಅವರು ನನ್ನ ಮಾತು ಮೀರುವುದಿಲ್ಲ. ಆದರೆ ಮಕ್ಕಳ ಪ್ರಾಕ್ಟಿಕಲ್ ಪರೀಕ್ಷೆಗೆ ನಾನೇ ಬರುತ್ತೇನೆ. ಪಾಯಿಂಟರ್ ಕೇಳುತ್ತೇನೆ.”

“ಬನ್ನಿ ಮೇಡಂ. ರೈಲಿನಲ್ಲೇ ಬನ್ನಿ,” ಎಂದರು ಇವರು.

ಮರುದಿನ ಬೆಳಿಗ್ಗೆ ನಾನು ಅವರ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದೆ. ಮೇಡಂ ಬಂದವರೇ, “ನಿನ್ನೆ ನಾನೊಂದು ತಪ್ಪು ಹೇಳಿದೆ. ಒಂದು ಸೀಟು ಇಬ್ಬರಿಗೆ ಯಾರೂ ಹೇಳುವುದಿಲ್ಲ ಅಂದೆ. ಹೇಳುತ್ತಾರೆ,” ಎಂದರು.

ಯಾರೂ ಆಶ್ಚರ್ಯಪಡಲಿಲ್ಲ. ಮಲ್ಲಿಕಾ ನೆಲ ನೋಡುತ್ತ, “ಗೊತ್ತಿತ್ತು ಮೇಡಂ,” ಎಂದಳು.

“ಗೊತ್ತಿತ್ತಾ? ಯಾರಿಗೆಲ್ಲ ಗೊತ್ತಿತ್ತು?”

ಹುಡುಗಿಯರು ಒಬ್ಬೊಬ್ಬರಾಗಿ ಕೈಯೆತ್ತಿದರು. ಆಮೇಲೆ ಹುಡುಗರೂ ಎತ್ತಿದರು.

“ಮತ್ತೆ ನಿನ್ನೆ ಯಾಕೆ ಬಾಯಿಗೆ ಬೀಗ ಹಾಕಿ ಕೂತ್ರಿ?”

“ಆ ಸಾಹೇಬರ ಎದುರಿಗೆ ಹೇಗೆ ಹೇಳುವುದು ಮೇಡಂ? ನಿಮ್ಮನ್ನು ತೆಗೆದುಬಿಟ್ಟರೆ?”

ಮೇಡಂ ಸ್ವಲ್ಪ ಹೊತ್ತು ಹಲಗೆಯ ಕಡೆ ತಿರುಗಿ, ಏನೂ ಬರೆದಿರದ ಹಲಗೆಯನ್ನು ಒರೆಸಿದರು. ಮತ್ತೆ ಈ ಕಡೆ ತಿರುಗಿದಾಗ ದನಿ ಜೋರಾಗಿಯೇ ಇತ್ತು. “ಟೀಚರ್ ತಪ್ಪು ಹೇಳಿದರೆ ಅಲ್ಲೇ ಎದ್ದು ಹೇಳಬೇಕು. ಸಾಹೇಬ ಇರಲಿ, ಸಾಹೇಬನ ಅಪ್ಪ ಇರಲಿ. ತಿಳಿಯಿತಾ? ಈಗ ಬೆಂಚು ಎಳೆಯಿರಿ. ನಿದ್ದೆ ಮಾಡುವ ಹೆಂಗಸು ಯಾರಾಗುತ್ತೀರಿ?”

ಯಾರೂ ಮುಂದೆ ಬರಲಿಲ್ಲ. ಮೇಡಂ ಕಣ್ಣು ಬಾಗಿಲಿಗೆ ಬಿತ್ತು. “ಗುರುನಾಥ ಮಾರಾಯ, ನೀನು ಬಾ. ಕಣ್ಣು ಮುಚ್ಚಿ ಕೂತು, ಕೇಳಿದವರಿಗೆಲ್ಲ ಹೂಂ ಅಂದ್ರೆ ಆಯ್ತು.”

“ಅಷ್ಟೇನ್ರಿ ಅಕ್ಕೋರ?”

“ಅಷ್ಟೇ.”

ಒಳಗೆ ಹೋಗಿ ಮೊದಲ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿದೆ. ಎಡಗಡೆಯಿಂದ ಮಲ್ಲಿಕಾ “ಠಾಣಾ?” ಎಂದಳು. ಹೂಂ ಎಂದೆ. ಬಲಗಡೆಯಿಂದ ಇನ್ನಾರೋ ಕೇಳಿದರು. ಅವರಿಗೂ ಹೂಂ ಎಂದೆ.